ಸೇವಂತಿಗೆ ತೋಟದ ಬಲ್ಬುಗಳು

"ನಮ್ ಕಿಟಕಿ ಕಡೆ ಆ ಕೊನೇ ಎರಡು ಸಾಲು ಬಲ್ಬಾದ್ರೂ ಆರಿಸಿ ಮಾವ," ಎಂದಳು ಮಂಜುಶ್ರೀ. ಈ ವಾರದಲ್ಲಿ ಮೂರನೇ ಸಲ ಕೇಳುತ್ತಿದ್ದಳು. ರಾಜಾನುಕುಂಟೆಯ ಹೊಸ ಲೇಔಟಿನ ಅಂಚಿಗೆ ಅವಳ ಮನೆ. ಕಾಂಪೌಂಡಿಗೆ ತಾಗಿಯೇ ಮುನಿವೆಂಕಟಯ್ಯನವರ ಸೇವಂತಿಗೆ ತೋಟ. ರಾತ್ರಿ ಹತ್ತರಿಂದ ಎರಡರವರೆಗೆ ಅಲ್ಲಿ ಸಾಲುಸಾಲಾಗಿ ಬಲ್ಬು ಉರಿಯುತ್ತವೆ.

ಮುನಿವೆಂಕಟಯ್ಯ ಅವಳ ಗಂಡನಿಗೆ ಚಿಕ್ಕಪ್ಪನಾಗಬೇಕು. ಕೈಯ ಮಣ್ಣು ಒರೆಸಿಕೊಂಡರು. "ಕತ್ಲು ಸಿಕ್ರೆ ಗಿಡ ಮೊಗ್ಗು ಇಡಿತದೆ ಕಣವ್ವ. ಇನ್ನೂ ಗೇಣುದ್ದ ಅವೆ. ಈಗ್ಲೇ ಊವಾದ್ರೆ ಮೂಸೋರಿಲ್ಲ. ಇನ್ನಿಪ್ಪತ್ ದಿನ ತಡ್ಕೊ."

"ಅಷ್ಟು ದಿನ ನನ್ ಕೆಲಸ ಉಳೀಬೇಕಲ್ಲ ಮಾವ."

ಅವಳ ಅತ್ತೆ ರಾಮಲಕ್ಷ್ಮಮ್ಮನವರಿಗೆ ಮರೆವಿನ ಕಾಯಿಲೆ. ಕಿಟಕಿಯಲ್ಲಿ ಬೆಳಕು ಕಂಡರೆ ಅವರ ಪಾಲಿಗೆ ಬೆಳಗಾಯಿತು. ರಾತ್ರಿ ಒಂದಕ್ಕೆ ಎದ್ದು, ಎಂದೋ ಮಾರಿದ ಹಸುವನ್ನು ಹುಡುಕುತ್ತಾ ಮೇನ್ ರೋಡಿಗೆ ಹೊರಡುತ್ತಾರೆ. ಪರದೆ ಕಟ್ಟಿದರೆ ಕಿತ್ತುಹಾಕುತ್ತಾರೆ, ಬೀಗ ಹಾಕಿದರೆ ಬಾಗಿಲು ಬಡಿಯುತ್ತಾರೆ. ಸಮಾಧಾನ ಮಾಡಿ ಮಲಗಿಸುವಷ್ಟರಲ್ಲಿ ನಾಲ್ಕು ದಾಟುತ್ತದೆ. ಐದೂವರೆಗೆ ಕಂಪನಿ ವ್ಯಾನು. ಗಂಡ ಅಶ್ವತ್ಥ್ ಲಾರಿ ಹತ್ತಿದರೆ ವಾರಗಟ್ಟಲೆ ನಾಪತ್ತೆ. ಫೋನಿನಲ್ಲಿ ಮಾತ್ರ ಕನಿಕರಕ್ಕೆ ಬರವಿಲ್ಲ.

ಕಂಪನಿಯಲ್ಲಿ ಮಾತ್ರೆಯ ಪಟ್ಟಿಗಳು ಬೆಲ್ಟಿನ ಮೇಲೆ ಸಾಗಿಬರುತ್ತವೆ. ಮಾತ್ರೆಯಿಲ್ಲದ ಖಾಲಿ ಗುಳಿ ಕಂಡರೆ ಆ ಪಟ್ಟಿಯನ್ನು ತೆಗೆದಿಡುವುದು ಅವಳ ಕೆಲಸ. ಎರಡು ಸಲ ತೂಕಡಿಸಿ ಸಿಕ್ಕಿಬಿದ್ದಿದ್ದಳು. ಇವತ್ತು ಸೂಪರ್‌ವೈಸರ್ ಚೈತ್ರ ಪಕ್ಕಕ್ಕೆ ಕರೆದಿದ್ದಳು. "ಇನ್ಮೇಲೆ ಕಣ್ಮುಚ್ಚಿದ್ರೂ ಅಷ್ಟೇ, ರಜಾ ಹಾಕಿದ್ರೂ ಅಷ್ಟೇ. ತೆಗೆದೇಬಿಡ್ತಾರೆ ಅಕ್ಕ. ನನ್ ಕೈಲಿ ಏನೂ ಇಲ್ಲ."

ಅದನ್ನು ಮಾವನಿಗೆ ಹೇಳುವಾಗ ಮಂಜುಶ್ರೀಗೆ ಅಳು ಬಂತು. ಅಳುವುದಕ್ಕೂ ತ್ರಾಣ ಸಾಲದೆ ಅರ್ಧಕ್ಕೆ ನಿಂತಿತು.

ಮುನಿವೆಂಕಟಯ್ಯ ಕಾಂಪೌಂಡಿನ ಕಡೆಯ ಸಾಲುಗಳನ್ನು ಬೆರಳಿನಲ್ಲಿ ಎಣಿಸಿದರು. "ಎಲ್ಡಲ್ಲ, ನಾಕು ಸಾಲು ಆರಿಸ್ತೀನಿ. ಓಗು, ಮಲಕ್ಕೊ." ನಾಲ್ಕು ಸಾಲಿನ ಬೆಳೆ ಕೈಬಿಟ್ಟಂತೆಯೇ ಎಂದು ಅವಳಿಗೆ ಗೊತ್ತಿತ್ತು.

ಆ ರಾತ್ರಿ ಕಿಟಕಿ ಕಪ್ಪಗಿತ್ತು. ಅತ್ತೆ ಮಗ್ಗುಲು ಕೂಡ ಬದಲಿಸದೆ ಮಲಗಿದ್ದರು. ಒಂದು ಗಂಟೆಗೆ ಸರಿಯಾಗಿ ಮಂಜುಶ್ರೀಗೆ ಎಚ್ಚರವಾಯಿತು. ಹದಿನೈದು ದಿನಗಳಿಂದ ಆ ಹೊತ್ತಿಗೇ ಎದ್ದು ರೂಢಿಯಾದ ಮೈ. ಬಲ್ಬು ಆರಿದ ಸುದ್ದಿಯನ್ನು ಅದಕ್ಕೆ ಯಾರು ತಿಳಿಸಬೇಕು. ಮಗ್ಗುಲು ಬದಲಿಸಿದಳು, ನೀರು ಕುಡಿದಳು, ತನ್ನನ್ನೇ ಬೈದುಕೊಂಡಳು. ಎರಡಾಯಿತು, ಮೂರಾಯಿತು. ನಾಲ್ಕು ದಾಟಿದ ಮೇಲೆ, ದಿನವೂ ಅತ್ತೆಯನ್ನು ಮಲಗಿಸಿ ತಾನು ಒರಗುವ ಹೊತ್ತಿಗೆ, ನಿದ್ದೆ ಕಲ್ಲಿನಂತೆ ಬಿತ್ತು.

ಐದಕ್ಕೆ ಅಲಾರಂ ಹೊಡೆದಾಗ ಎದ್ದವರು ರಾಮಲಕ್ಷ್ಮಮ್ಮ. ಎಷ್ಟೋ ದಿನಗಳ ಮೇಲೆ ತುಂಬ ನಿದ್ದೆ ಮಾಡಿದ ಮುಖ ತಿಳಿಯಾಗಿತ್ತು. ಸೊಸೆಯ ಕಣ್ಣಿನ ಸುತ್ತಲ ಕಪ್ಪನ್ನು ಬಗ್ಗಿ ನೋಡಿದರು. ಕೂಗುತ್ತಿದ್ದ ಫೋನನ್ನು ಎತ್ತಿ ದಿಂಬಿನ ಅಡಿಗೆ ತುರುಕಿ, ಅದು ಸುಮ್ಮನಾಗುವ ತನಕ ಮೇಲೆ ಕೈಯಿಟ್ಟು ಕೂತರು.

ಐದೂವರೆಗೆ ವ್ಯಾನು ಬಂದು ಹಾರ್ನ್ ಹೊಡೆಯಿತು. ರಾಮಲಕ್ಷ್ಮಮ್ಮ ಬಿರಬಿರನೆ ಗೇಟಿಗೆ ಹೋಗಿ ತುಟಿಯ ಮೇಲೆ ಬೆರಳಿಟ್ಟರು.

"ಮಂಜಕ್ಕ ಬರಲ್ವಾ ಅಜ್ಜಿ?" ಡ್ರೈವರ್ ಮುನ್ನಾ ತಲೆ ಹೊರಗೆ ಹಾಕಿದ.

"ಸದ್ದು ಮಾಡ್ಬ್ಯಾಡ ಕಣಪ್ಪ. ನಮ್ ಉಡುಗಿ ಈಗ ಕಣ್ಮುಚ್ಚವ್ಳೆ. ಓಗು ನೀನು."

ಮುನ್ನಾ ತಲೆಯಾಡಿಸಿ ವ್ಯಾನು ತಿರುಗಿಸಿಕೊಂಡ. ಅದು ಮೇನ್ ರೋಡು ಸೇರುವವರೆಗೂ ಅವರು ನೋಡುತ್ತ ನಿಂತರು. ಆಮೇಲೆ ಚಿಲಕ ಕಿರುಗುಟ್ಟದ ಹಾಗೆ ಎರಡೂ ಕೈಯಲ್ಲಿ ಹಿಡಿದು ಗೇಟು ಹಾಕಿದರು.