ಎತ್ತಿಕೊಳ್ಳುವ ಮಾತು

ಬಾಗಲಕೋಟೆಯಿಂದ ಹೊರಟ ಶಿವಬಸವ್ವ ಹ್ಯೂಸ್ಟನ್ನಿನಲ್ಲಿ ಇಳಿಯುವ ಹೊತ್ತಿಗೆ ಹೈರಾಣಾಗಿದ್ದಳು. ಆದರೂ ಊರ ಪಕ್ಕದ ಕೇಟಿಯೆಂಬ ಬಡಾವಣೆಯಲ್ಲಿ ಮನೆಯ ಮುಂದೆ ಕಾರು ನಿಂತದ್ದೇ ತಡ, ಕೈಚೀಲವನ್ನು ಮಗ ಆನಂದನಿಗೆ ಕೊಟ್ಟು, ಎರಡು ವರ್ಷದ ಮೊಮ್ಮಗಳು ಅನಘಾಳತ್ತ ತೋಳು ಚಾಚಿದಳು. ಕೂಸು ಅಜ್ಜಿಯನ್ನು ಒಮ್ಮೆ ನೋಡಿತು. ಆಮೇಲೆ ಬೆನ್ನು ತಿರುಗಿಸಿ, ಸೊಸೆ ಶೀತಲ್ ಪಕ್ಕದಲ್ಲಿ ನಿಂತಿದ್ದ ಗುಂಡುಮುಖದ ಹೆಂಗಸಿನತ್ತ ಎರಡೂ ಕೈ ಎತ್ತಿ, "ಗೆಂಡೊಂಗ್" ಎಂದಿತು. ಆ ಹೆಂಗಸು ನಗುತ್ತ ಅದನ್ನೆತ್ತಿ ಸೊಂಟಕ್ಕೆ ಹಾಕಿಕೊಂಡಳು.

"ಏನಂತದ ಕೂಸು?"

"ಎತ್ಕೋ ಅಂತದ ಅವ್ವಾ," ಎಂದ ಆನಂದ್. "ಇವರು ವುಲಾನ್. ಬಾಜೂ ಮನಿಯವರು, ಇಂಡೋನೇಷ್ಯಾದವರು. ನಾವಿಬ್ಬರೂ ಕೆಲಸಕ್ಕ ಹೋದಾಗ ಅನಘಾನ್ನ ಇವರೇ ನೋಡ್ಕೋತಾರ."

"ನಮ್ಮ ಭಾಷಾ ಬರೂದಿಲ್ಲೇನು ಅದಕ್ಕ?"

"ತಿಳೀತದ. ಆಡೂದಿಲ್ಲ."

ಮರುದಿನದಿಂದ ಕೂಸು ತನ್ನದೇ ಎಂದುಕೊಂಡಿದ್ದ ಶಿವಬಸವ್ವನಿಗೆ, ಬೆಳಿಗ್ಗೆ ವುಲಾನ್ ಎಂದಿನಂತೆ ಬಾಗಿಲು ತಟ್ಟಿದಾಗ ಎದೆಯಲ್ಲಿ ಕೆಂಡ ಬಿದ್ದಂತಾಯಿತು. "ನಿಮ್ಮ ರೂಢಿ ಆಗೋತನಕ ಅವರೂ ಬರ್ಲಿ ಅತ್ತೀ," ಎಂದಿದ್ದಳು ಶೀತಲ್. ವುಲಾನ್ ಹೂಬಳ್ಳಿಯ ಅಚ್ಚಿನ ಉದ್ದನೆಯ ಬಟ್ಟೆಯೊಂದನ್ನು ಹೆಗಲಿಂದ ಸೊಂಟಕ್ಕೆ ಬಿಗಿದು, ಅದರೊಳಗೆ ಕೂಸನ್ನು ಕೂರಿಸಿಕೊಂಡು ಮನೆ ತುಂಬ ಓಡಾಡುತ್ತಿದ್ದಳು. ಶಿವಬಸವ್ವ ಸಜ್ಜಕ ಮಾಡಿ ತುತ್ತು ಕೊಟ್ಟರೆ ಕೂಸು ಅರ್ಧ ತಿಂದು, ಉಳಿದರ್ಧವನ್ನು ಅಂಗೈಯಲ್ಲಿ ಹಿಡಿದುಕೊಂಡು ಹೋಗಿ ವುಲಾನ್ ಬಾಯಿಗಿಡುತ್ತಿತ್ತು. ಒಂದು ದಿನ ಆ ಬಟ್ಟೆ ಸೋಫಾದ ಮೇಲೆ ಬಿದ್ದಿದ್ದಾಗ ಶಿವಬಸವ್ವ ಮೂಸಿ ನೋಡಿದಳು. ಕೂಸಿನ ವಾಸನೆಯೇ. ಮಡಚಿ, ಕೈಗೆ ಸಿಗದ ಕಪಾಟಿನ ಮೇಲಿಟ್ಟಳು. ವುಲಾನ್ ಕುರ್ಚಿ ಹಾಕಿಕೊಂಡು ಅದನ್ನು ಇಳಿಸಿ, ಮತ್ತೆ ಹೆಗಲಿಗೆ ಬಿಗಿದುಕೊಂಡಳು.

ವುಲಾನ್ ಲೈಬ್ರರಿಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಳು. ಒಂದು ಶನಿವಾರ ಅಡುಗೆಮನೆಯಲ್ಲಿ ಆನಂದನ ಮುಂದೆ ತನ್ನ ಕಷ್ಟ ತೋಡಿಕೊಂಡಳು. ಟೀಚರು 'ಕ್ಯಾರಿ' ಎಂಬ ಪದ ಕೊಟ್ಟಿದ್ದಾರೆ, ಒಂದೇ ಪದದೊಳಗೆ ಇಷ್ಟೊಂದು ಅರ್ಥ ಹೇಗೆ ಹಿಡಿಸೀತು ಎಂದು. ಪಾತ್ರೆಯೊಂದನ್ನು ತಲೆಯ ಮೇಲಿಟ್ಟು "ಜುಂಜುಂಗ್" ಎಂದಳು. ಕಸಬರಿಗೆಯನ್ನು ಹೆಗಲಿಗೇರಿಸಿ "ಪಿಕುಲ್" ಎಂದಳು. ಚೀಲವನ್ನು ಕೈಯಲ್ಲಿ ಜೋತಾಡಿಸುತ್ತ "ಜಿಂಜಿಂಗ್". ಕೂಸನ್ನು ಎತ್ತಿ "ಗೆಂಡೊಂಗ್".

"ಇಂಗ್ಲಿಷಿನಾಗ ಎಲ್ಲಾಕ್ಕೂ ಕ್ಯಾರಿ ಒಂದೇ ಅವ್ವಾ," ಎಂದ ಆನಂದ್. "ಲೆಕ್ಕ ಮಾಡುವಾಗ ಕೈಯಾಗ ಒಂದು ಅಂತೀವಲ್ಲ, ಅದೂ ಕ್ಯಾರಿನೇ. ಅವರು ಅದಕ್ಕ ಸಿಂಪಾನ್ ಅಂತಾರಂತ, ಜ್ವಾಪಾನ ಇಡೂದು."

ಶಿವಬಸವ್ವ ಮೊರ ಕೆಳಗಿಟ್ಟು ಎದ್ದಳು. "ನಮ್ಮಲ್ಲಿ ಏನು ಕಡಿಮಿ ಅದಾವೇನು? ತಲಿಮ್ಯಾಲೆ ಆದ್ರ ಹೊರೂದು. ಕೂಸಾದ್ರ ಎತ್ಕೊಳ್ಳೂದು. ಹೇಳು ಆಕಿಗೆ."

ಆನಂದ್ ಹೇಳಿದ. ವುಲಾನ್ ಖುಷಿಯಿಂದ ಚೀಲ ಎತ್ತಿ ತೋರಿಸಿ, ಇದಕ್ಕೆ ಏನನ್ನುತ್ತೀರಿ ಎಂಬಂತೆ ಹುಬ್ಬೇರಿಸಿದಳು.

"ಅದು... ಕೈಯಾಗ ಹಿಡಕೊಂಡು ಹೋಗೂದು."

"ಜಿಂಜಿಂಗ್," ಎಂದಳು ವುಲಾನ್ ಮೆಲ್ಲಗೆ. ಒಂದೇ ಪದ. ಕೂಸು ಕೈ ತಟ್ಟಿ ನಕ್ಕಿತು. ಆ ಇಡೀ ದಿನ ಶಿವಬಸವ್ವ ಚೀಲಕ್ಕೊಂದು ಪದ ಹುಡುಕಿದಳು, ಸಿಗಲಿಲ್ಲ.

ದಸರೆಗೆ ಡಾಲಸ್ಸಿನಿಂದ ಅವಳ ತಮ್ಮ ಅಪ್ಪಾಸಾಹೇಬ ಕರೆಯಲು ಬಂದಾಗ ಕೂಸನ್ನೂ ಕರೆದುಕೊಂಡು ಹೋಗುವೆನೆಂದು ಹಟ ಹಿಡಿದಳು. ಒಂದು ವಾರ ವುಲಾನ್ ಕಣ್ಣಿಗೆ ಬೀಳದಿದ್ದರೆ ಎಲ್ಲ ಸರಿಹೋಗುತ್ತದೆಂದು ಅವಳ ಲೆಕ್ಕ. ಶೀತಲ್ ಮನಸ್ಸಿಲ್ಲದೆ ಒಪ್ಪಿದಳು.

ಡಾಲಸ್ ಪಕ್ಕದ ಕ್ಯಾರಲ್ಟನ್ನಿನ ಅಂಗಡಿಯಲ್ಲಿ ಅಪ್ಪಾಸಾಹೇಬ ಬೇಳೆ ಆರಿಸುತ್ತಿದ್ದಾಗ ಕೂಸು ಕಾಲು ಸೋತು ಅಜ್ಜಿಯತ್ತ ಕೈ ಎತ್ತಿತು. "ಗೆಂಡೊಂಗ್."

ಶಿವಬಸವ್ವ ಕೈಕಟ್ಟಿ ನಿಂತಳು. "ಎತ್ಕೋ ಅನ್ನು. ಎತ್ಕೋತೀನಿ."

"ಗೆಂಡೊಂಗ್."

"ನನಗ ತಿಳೀವಲ್ತು. ಎತ್ಕೋ ಅಜ್ಜೀ ಅನ್ನು."

ಕೂಸು ಅಳಲಿಲ್ಲ. ಕೈ ಕೆಳಗಿಳಿಸಿತು. ತಿರುಗಿ ಹೋಗಿ, ಅಕ್ಕಿ ಚೀಲಗಳ ಬಳಿ ನಿಂತಿದ್ದ ಯಾರೋ ಬಿಳಿಯ ಹೆಂಗಸಿನ ಪ್ಯಾಂಟು ಜಗ್ಗಿತು. ಅವಳು ಬಗ್ಗಿ, ಅತ್ತಿತ್ತ ನೋಡಿ ಎತ್ತಿಕೊಂಡಳು. ಕೂಸು ಆ ಗುರುತಿಲ್ಲದ ಹೆಗಲಿಗೆ ತಲೆಯಿಟ್ಟು, ಅಲ್ಲಿಂದಲೇ ಅಜ್ಜಿಯನ್ನು ನೋಡುತ್ತಿತ್ತು. ಶಿವಬಸವ್ವ ಕಟ್ಟಿದ ಕೈ ಬಿಟ್ಟಳು. ಓಡಿಹೋಗಿ ಕೂಸನ್ನು ಕಸಿದುಕೊಂಡಂತೆ ತೆಗೆದುಕೊಂಡಳು. ಅಂದಿನಿಂದ ಅದು ಯಾವ ಮಾತಿನಲ್ಲಿ ಕೇಳಿದರೂ, ಕೇಳದಿದ್ದರೂ, ಎತ್ತಿಕೊಂಡಳು. ಅಂಗಡಿಯ ವಿಷಯ ಯಾರಿಗೂ ಹೇಳಲಿಲ್ಲ.

ಆ ವರ್ಷ ಕಚ್ಚಾತೈಲದ ದರ ಬಿದ್ದು, ತೈಲ ಕಂಪನಿಗಳನ್ನೇ ನಂಬಿದ್ದ ಕೇಟಿಯ ಎಷ್ಟೋ ಮನೆಗಳಲ್ಲಿ ಕೆಲಸ ಹೋಯಿತು. ವುಲಾನ್ ಗಂಡನದೂ ಹೋಯಿತು. ಅವನಿಗೆ ಆಸ್ಟಿನ್ನಿನಲ್ಲಿ ಬೇರೆ ನೌಕರಿ ಸಿಕ್ಕಿತು. ಅವರ ಸಾಮಾನಿನ ಟ್ರಕ್ಕು ಹೊರಟ ದಿನ ಶಿವಬಸವ್ವ ಹೋಳಿಗೆ ಮಾಡಿದಳು. "ಏನ್ ಹಬ್ಬ ಅತ್ತೀ?" ಎಂದು ಶೀತಲ್ ಕೇಳಿದಾಗ, "ಸುಮ್ನ, ಬಾಯಿಗೆ ರುಚಿ ಬೇಕನಿಸ್ತು," ಎಂದಳು. ಕೂಸು ಕಿಟಕಿಯ ಹತ್ತಿರ ಕೂತೇ ಇತ್ತು, ಹೋಳಿಗೆ ಮುಟ್ಟಲಿಲ್ಲ.

ಜನವರಿಯಲ್ಲಿ ಎಲ್ಲರೂ ಅವರನ್ನು ನೋಡಲು ಆಸ್ಟಿನ್ನಿಗೆ ಹೋದರು. ಬಾಗಿಲು ತೆರೆದ ವುಲಾನ್‌ಳ ಹೊಟ್ಟೆ ಮುಂದೆ ಬಂದಿತ್ತು. ಕೂಸು ಓಡಿಹೋಗಿ ಕೈ ಎತ್ತಿತು. ವುಲಾನ್ ತಲೆಯಾಡಿಸಿ, ಎತ್ತುವಂತಿಲ್ಲ ಎಂದು ಹೊಟ್ಟೆ ತೋರಿಸಿದಳು. ಅವಳ ಗಂಡ ಇಂಗ್ಲಿಷಿನಲ್ಲಿ ಏನೋ ಅಂದು ನಕ್ಕ.

"ಬಸುರಿ ಇದ್ರ ಅದಕ್ಕೂ ಕ್ಯಾರಿ ಅಂತಾರ ಅತ್ತೀ," ಎಂದಳು ಶೀತಲ್. "ಇವರಲ್ಲಿ ಅದಕ್ಕ ಮೆಂಗಾಂಡುಂಗ್ ಅಂತ ಬ್ಯಾರೆ ಪದ."

ಕೂಸು ಆ ಹೊಟ್ಟೆಯನ್ನು ದಿಟ್ಟಿಸಿತು. ಹಲ್ಲು ಕಚ್ಚಿ ಎರಡೂ ಕೈಯಿಂದ ಅದನ್ನು ನೂಕಿತು. ವುಲಾನ್ ಗೋಡೆ ಹಿಡಿದುಕೊಂಡಳು. ಆನಂದ್ ಗದರಿದ. ಶಿವಬಸವ್ವ ಮಾತ್ರ ಆ ಪುಟ್ಟ ಮುಖವನ್ನೇ ನೋಡುತ್ತ ನಿಂತಳು. ಈ ಐದು ತಿಂಗಳು ತನ್ನ ಮುಖವೂ ಹೀಗೇ ಇದ್ದಿರಬೇಕು ಅನ್ನಿಸಿತು.

ಊಟದ ಹೊತ್ತಿಗೆ ಸೊಸೆಯ ಬಾಯಿಂದ ಕೇಳಿಸಿದಳು. "ಬಾಣಂತನಕ್ಕ ತವರಿಂದ ಯಾರ ಬರ್ತಾರ?"

ಯಾರೂ ಇಲ್ಲ. ತಾಯಿ ತೀರಿಹೋಗಿದ್ದರು.

"ಹಂಗಾದ್ರ ನಾನೇ ಮಾಡ್ತೀನಿ."

ಆನಂದ್ ತಟ್ಟೆಯಿಂದ ತಲೆ ಎತ್ತಿದ. ಶಿವಬಸವ್ವನಿಗೂ ತನ್ನ ಮಾತು ಆಶ್ಚರ್ಯವೇ. ಕರುಣೆಯಿಂದಲೇ ಆಡಿದ್ದಳು, ಸುಳ್ಳಲ್ಲ. ಆದರೆ ತಾನು ಇಲ್ಲಿಗೆ ಬಂದರೆ ಅಲ್ಲಿ ಕೂಸು ತನಗಾಗಿ ಅಳುತ್ತದಲ್ಲ ಎಂಬ ಆಸೆಯೂ ಆ ಕರುಣೆಯ ಜೊತೆಗೇ ಕೂತಿತ್ತು.

ವೀಸಾ ಮುಂದಕ್ಕೆ ಹಾಕಿಸಿಕೊಂಡಳು. ಮಾರ್ಚಿನಲ್ಲಿ ವುಲಾನ್ ಗಂಡುಮಗು ಹೆತ್ತಳು. ಶಿವಬಸವ್ವ ಎಣ್ಣೆ, ಅಜವಾನ, ಅಂಟಿನ ಉಂಡೆಗಳ ಡಬ್ಬಿ ಕಟ್ಟಿಕೊಂಡು ಆಸ್ಟಿನ್ನಿಗೆ ಹೋದಳು. ಹೊರಡುವಾಗ ಅನಘಾ ಸೀರೆ ಹಿಡಿದು ಬಿಡಲೇ ಇಲ್ಲ. ಕಾರಿನಲ್ಲಿ ಕೂತ ಶಿವಬಸವ್ವ ಕಣ್ಣೊರೆಸಿಕೊಂಡಳು, ಒಳಗೊಳಗೇ ಸಕ್ಕರೆ ತಿಂದಂತಾಗಿತ್ತು.

ಮರುದಿನ ಎಳೆಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವಾಗ ಆನಂದನ ಫೋನು ಬಂತು. ವುಲಾನ್ ಸ್ಪೀಕರಿಗೆ ಹಾಕಿ ಹಿಡಿದಳು.

"ಅನಘಾ ಭಾಳ ಅತ್ತಿತೇನಪಾ?"

"ಇಲ್ಲವ್ವಾ. ಎದುರು ಮನಿ ಹುಡುಗೂರ ಜೋಡಿ ಆಡಾಕತ್ತದ. ನಿನ್ನ ಹೆಸರೂ ತಗೀಲಿಲ್ಲ."

"ಚಲೋ ಆತು," ಎಂದಳು ಶಿವಬಸವ್ವ. ಕೊನೆಯ ತಂಬಿಗೆ ನೀರು ಹುಯ್ದು, ಟವೆಲು ಕೊಡೆಂದು ವುಲಾನ್‌ಳತ್ತ ಕೈ ಚಾಚಿದಳು.