ಸರಸಳಿಗೆ ಊರು ತೋರಿಸಿದ್ದು

“ಬಂದದ್ದು ಬಂದಿದ್ದಾಳೆ, ಸರಸಳಿಗೆ ನಾಲ್ಕು ಕಡೆ ಊರು ತೋರಿಸು ಸುಮತಿ,” ಎಂದರು ನನ್ನ ಗಂಡ ಭೋಜರಾಜ. ಮದುವೆಯಾಗಿ ಚೆನ್ನೈಗೆ ಬಂದು ನನಗೆ ಇಪ್ಪತ್ತಮೂರು ವರ್ಷ. ಟ್ರಿಪ್ಲಿಕೇನಿನ ನಮ್ಮ ಹೋಟೆಲು, ಅದರ ಮೇಲಿನ ಮನೆ, ಐದು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆ. ನನಗೇ ಯಾರೂ ಊರು ತೋರಿಸಿರಲಿಲ್ಲ.

ಸರಸ ನನ್ನ ನಾದಿನಿ. ಗಂಡ ತೀರಿಕೊಂಡ ಮೇಲೆ ಕುಂದಾಪುರದಲ್ಲಿ ಬಟ್ಟೆ ಹೊಲಿದು ಮಗಳು ಪ್ರಣಮ್ಯಾಳನ್ನು ಕಾಲೇಜಿಗೆ ಕಳಿಸುತ್ತಿದ್ದಳು. ಎದೆಯಲ್ಲಿ ಗಂಟು ಕಂಡಿತೆಂದು ಅಣ್ಣನ ಮನೆಗೆ ಬಂದಿದ್ದಳು. ಪರೀಕ್ಷೆಗಳೆಲ್ಲ ಮುಗಿದು ನಾವು ಮೂವರೂ ಡಾಕ್ಟರ ಎದುರು ಕೂತೆವು. ಸರಸಳಿಗೆ ತಮಿಳು ಬರುವುದಿಲ್ಲ, ಡಾಕ್ಟರಮ್ಮನಿಗೆ ಕನ್ನಡ ಬರುವುದಿಲ್ಲ. ನಡುವೆ ಮಾತು ದಾಟಿಸಬೇಕಾದವಳು ನಾನು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕ್ಯಾನ್ಸರು. ಬೇಗ ಆಪರೇಷನ್ ಮಾಡಿ ಆರು ತಿಂಗಳು ಔಷಧಿ ಕೊಟ್ಟರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ, ತಡವಾದರೆ ಹೇಳಲಾಗದು. ನನ್ನ ಗಂಡ ತಮಿಳಿನಲ್ಲೇ, “ಅವಳು ಅದನ್ನೆಲ್ಲ ತಡೆಯುವವಳಲ್ಲ, ಬೇಡ. ಮಾತ್ರೆ ಏನಾದರೂ ಕೊಡಿ,” ಎಂದರು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ಅವರನ್ನೇ ಕೇಳಿ. ಆಪರೇಷನ್ ಬೇಡ ಅನ್ನುವುದಾದರೆ ಅವರೇ ಅನ್ನಬೇಕು.”

ಸರಸ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನಾನು ಕನ್ನಡದಲ್ಲಿ ಹೇಳಿದೆ: “ಗಂಟು ಸಣ್ಣದು, ಕೊಯ್ಯುವುದು ಬೇಡವಂತೆ. ಮಾತ್ರೆಯಲ್ಲೇ ಕರಗುತ್ತದಂತೆ. ಆಗಬಹುದಾ ಅಂತ ಕೇಳ್ತಿದ್ದಾರೆ.”

ಅವಳ ಮುಖ ಅರಳಿತು. ಜೋರಾಗಿ ತಲೆಯಾಡಿಸಿದಳು. ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಕಾಗದ ಮುಂದಿಟ್ಟರು. ಸರಸ ಅದರ ಕೆಳಗೆ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಸಹಿ ಮಾಡಿದಳು.

ನನ್ನ ಗಂಡ ಊರು ತೋರಿಸು ಎಂದದ್ದು ಅದೇ ಸಂಜೆ. ಮರುದಿನದಿಂದ ಊರು ನೋಡಲು ಹೊರಟೆವು. ಬೆಳಿಗ್ಗೆ ನಾಗೇಶ್ವರರಾವ್ ಪಾರ್ಕಿನಲ್ಲಿ ಶೂಸು ತೊಟ್ಟ ಹೆಂಗಸರು ಬಿರಬಿರನೆ ನಡೆಯುವುದನ್ನು ನೋಡಿ ಸರಸ, “ಅತ್ತಿಗೆ, ಇವರೆಲ್ಲ ಎಂತ ಕಳೆದುಕೊಂಡದ್ದು? ಸುತ್ತಿದಲ್ಲೇ ಸುತ್ತುತ್ತಾರಲ್ಲ!” ಎಂದು ನಕ್ಕಳು. ಮೈಲಾಪುರದ ದೇವಸ್ಥಾನದ ಕೆರೆಯ ಸುತ್ತಲಿನ ಓಣಿಗಳಲ್ಲಿ ಹಳೆಯ ಮನೆಗಳ ಜಗಲಿಯ ಮೇಲೆ ಕೂತು ಎಳನೀರು ಕುಡಿದೆವು. ಪ್ಯಾರೀಸ್ ಕಾರ್ನರಿನ ಸಂದಿಗಳಲ್ಲಿ ಪ್ರಣಮ್ಯಾಳಿಗೆ ಬಳೆ ಹುಡುಕಿದೆವು. ಸರಸ ಅಗಲವಿಲ್ಲದ ಓಣಿಯಲ್ಲೂ ನನ್ನ ಕೈ ಬಿಡುತ್ತಿರಲಿಲ್ಲ.

ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ದಿನಗಳು ನನಗೆ ಇಷ್ಟವಾಗಿದ್ದವು. ಹೋಟೆಲಿನ ಒಗ್ಗರಣೆಯ ಹೊಗೆಯಿಲ್ಲ, ಯಾರೂ ಕೂಗಿ ಕರೆಯುವುದಿಲ್ಲ. ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕೂತಾಗ ಎಷ್ಟೋ ಹೊತ್ತು ಏನೂ ನೆನಪಾಗುತ್ತಿರಲಿಲ್ಲ. ಆಮೇಲೆ ಒಮ್ಮೆಲೇ ನೆನಪಾಗುತ್ತಿತ್ತು.

ಹನ್ನೆರಡನೆಯ ದಿನ ಮಹಾಬಲಿಪುರಕ್ಕೆ ಹೋದೆವು. ಬಸ್ಸಿನಲ್ಲಿ ಸೀಟಿರಲಿಲ್ಲ. ಮೇಲಿನ ಕಂಬಿ ಹಿಡಿಯಲು ಸರಸ ಎಡಗೈ ಎತ್ತಿದಳು, ಅರ್ಧಕ್ಕೇ ಇಳಿಸಿದಳು. ದಾರಿಯುದ್ದಕ್ಕೂ ಬಲಗೈಯಲ್ಲೇ ನೇತಾಡಿಕೊಂಡು ಬಂದಳು. ಅಲ್ಲಿ ಇಳಿಜಾರಿನಲ್ಲಿ ನಿಂತ ಬೆಣ್ಣೆಮುದ್ದೆ ಅನ್ನುವ ಆ ದೊಡ್ಡ ಬಂಡೆಯನ್ನು ನೋಡಿದಳು, ಕಲ್ಲಿನ ರಥಗಳನ್ನು ನೋಡಿದಳು. ಸಮುದ್ರದ ಪಕ್ಕ ನೆರಳಿದ್ದ ಕಡೆ ಕೂತ ಮೇಲೆ ನನ್ನ ಕೈಯನ್ನು ತೆಗೆದುಕೊಂಡು ಸೆರಗಿನೊಳಗೆ, ತನ್ನ ಕಂಕುಳಿಗೆ ಒತ್ತಿಕೊಂಡಳು.

“ಮಾತ್ರೆ ಮುಗಿಯಲಿಕ್ಕೆ ಬಂತು. ಇದೊಂದು ಹೊಸತು.”

ಗೋಲಿಯಷ್ಟು ಗಟ್ಟಿಯಾದದ್ದು ಬೆರಳಿಗೆ ಸಿಕ್ಕಿತು.

“ಅತ್ತಿಗೆ, ನಮ್ಮಣ್ಣ ಹೆಂಗಸರಿಗೆ ಊರು ತೋರಿಸುವ ಜನ ಅಲ್ಲ. ಅಮ್ಮ ಸಾಯುವ ತನಕ ಕಾಶಿ ಕಾಶಿ ಅಂತ ಬಡಕೊಂಡರು. ನನಗೆ ಮಾತ್ರ ದಿನಾ ಒಂದೊಂದು ಜಾಗ. ನಾನು ಸಾಯ್ತೇನಾ?”

“ಸರಸ...”

“ಅಳಬೇಡಿ, ಜನ ನೋಡ್ತಾರೆ. ಡಾಕ್ಟರಮ್ಮ ಎಂತ ಮಾಡಲಿಕ್ಕೂ ಆಗುವುದಿಲ್ಲ ಅಂದ್ರಾ?”

ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ಅದನ್ನೂ ನಂಬುತ್ತಿದ್ದಳು, ನನ್ನ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ನಾನು ಹೇಳಿಬಿಟ್ಟೆ. ಆಪರೇಷನ್ ಮಾಡಬಹುದಿತ್ತು ಎಂದೆ. ಉಳಿಯಬಹುದು ಅಂದಿದ್ದರು ಎಂದೆ.

ಅವಳು ನನ್ನ ಕೈ ಬಿಟ್ಟಳು. “ಹಾಗಾದರೆ ನಾನು ಅಲ್ಲಿ ತಲೆ ಆಡಿಸಿದ್ದು?”

“ಆಪರೇಷನ್ ಬೇಡ ಅಂತ. ಸಹಿಯೂ ಅದಕ್ಕೇ.”

“ಅಣ್ಣ ಹೇಳಿಸಿದ್ದಾ?”

ಅಣ್ಣನ ಮೇಲೆ ಹಾಕಬಹುದಿತ್ತು. ಅವರು ಬೇಡ ಎಂದದ್ದು ನಿಜವೇ. ಆದರೆ ಆ ಕೋಣೆಯಲ್ಲಿ ಅವರು ನನ್ನ ಬಾಯಿಗೆ ಒಂದು ಶಬ್ದವನ್ನೂ ಹಾಕಿರಲಿಲ್ಲ.

“ಆರು ತಿಂಗಳು ಅಂದರು ಸರಸ. ವಾಂತಿ, ಜ್ವರ, ಬಕೆಟ್ಟು, ಬೆಡ್‌ಪ್ಯಾನು. ನಿನ್ನಮ್ಮನಿಗೆ ಮಾಡಿದ್ದೆಲ್ಲ ಕಣ್ಣ ಮುಂದೆ ಬಂತು. ಮತ್ತೆ ನನ್ನ ತಲೆಗೇ ಬೀಳುತ್ತದಲ್ಲ ಅನ್ನಿಸಿತು. ಅಷ್ಟರಲ್ಲಿ ಬಾಯಿಂದ ಬಂದುಹೋಯಿತು.”

“ಅದು ಆ ಹೊತ್ತಿನದು. ಆಮೇಲಿನ ಹನ್ನೆರಡು ದಿನ?”



ಅವಳು ಬೈಯಲಿಲ್ಲ. ಸೀರೆಯ ಮರಳು ಕೊಡವಿಕೊಂಡು ಎದ್ದಳು. ಮೇಲೇಳಲು ಕೈ ಚಾಚಿದ ನನ್ನನ್ನು ನೋಡಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಯಾರೋ ಮೀನಿನ ಬುಟ್ಟಿಯ ಹೆಂಗಸಿನ ಪಕ್ಕ ಕೂತಳು. ಮುಟ್ಟುಕಾಡಿನ ಹಿನ್ನೀರು ದಾಟಿದ ಮೇಲೆ ಹಿಂತಿರುಗಿ ನೋಡಿದಳು.

“ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ತೇನೆ. ನೀವು ಬರುವುದು ಬೇಡ, ಅಣ್ಣನೂ ಬೇಡ. ಕನ್ನಡ ಬರುವವರು ಬೇರೆ ಯಾರಾದರೂ ಇದ್ದರೆ ಹೇಳಿ.”

ನಮ್ಮ ಬೀದಿಯಲ್ಲಿ ನೀರಜಾ ಇದ್ದಾಳೆ, ಧಾರವಾಡದ ಕಡೆಯವಳು, ಬ್ಯಾಂಕಿನಲ್ಲಿ ಕೆಲಸ ಎಂದೆ. ನಂಬರು ಕೇಳಿದಳು. ಒಂದೊಂದೇ ಅಂಕಿ ಹೇಳಿದೆ. ಫೋನಿನಲ್ಲಿ ಬರೆದುಕೊಂಡವಳು ಅದನ್ನು ಚೀಲಕ್ಕೆ ಹಾಕಲಿಲ್ಲ. ನಾನು ಕೊಟ್ಟದ್ದು ಸರಿಯಾದ ನಂಬರೇ ಹೌದೋ ಅಲ್ಲವೋ ಎಂದು ಅಲ್ಲೇ, ನನ್ನ ಕಣ್ಣ ಮುಂದೆಯೇ, ಕರೆ ಮಾಡಿ ನೋಡಿದಳು.