ಲಾಭದಿಂದ ಹತ್ತರವರೆಗೆ

ಪುಟ್ಟಸಿದ್ದಮ್ಮನಿಗೆ ಸಿಟ್ಟು ಬಂದರೆ ಭೀಮನಬೀಡಿನ ಅರ್ಧ ಬೀದಿಗೆ ಗೊತ್ತಾಗುತ್ತಿತ್ತು. ಮೊಮ್ಮಗಳು ಮೇಘನಾ ಮೂರು ದಿನದಿಂದ ಹೊಟ್ಟೆನೋವು ಅಂತ ಶಾಲೆ ತಪ್ಪಿಸಿದ್ದಳು. ಊಟಕ್ಕೆ ಕೂತರೆ ಮಾತ್ರ ಎರಡು ಮುದ್ದೆ ಸಲೀಸಾಗಿ ಇಳಿಯುತ್ತಿತ್ತು. ಇದೆಂಥ ಹೊಟ್ಟೆನೋವು? ಅಜ್ಜಿ ಕೂರಿಸಿಕೊಂಡು ಕೇಳಿದಾಗ ಹುಡುಗಿ ಬಿಕ್ಕಿಬಿಕ್ಕಿ ಅತ್ತಳು.

ಮೂರನೇ ಕ್ಲಾಸಿನ ನಾಗರತ್ನ ಮಿಸ್ಸು ಹುಣಸೆಬೀಜ ಎಣಿಸಲು ಹೇಳಿದ್ದರಂತೆ. ಮೇಘನಾ "ಲಾಭ, ಎರಡು, ಮೂರು" ಅಂತ ಶುರು ಮಾಡಿದ್ದಾಳೆ. ರಾಗಿ ಅಳೆಯುವಾಗ ಮೊದಲ ಸೇರಿಗೆ ಯಾರಾದರೂ ಒಂದು ಅನ್ನುತ್ತಾರೆಯೇ? ಲಾಭ ಅಂತಲೇ ಅನ್ನಬೇಕು. ಮನೆಯಲ್ಲಿ ಕೇಳಿದ್ದೇ ಬಾಯಿಗೆ ಬಂದಿದೆ. ತಿದ್ದಿ ಹೇಳಿದ್ದರೆ ಮುಗಿಯುತ್ತಿತ್ತು. ಆ ಮಹಾತಾಯಿ ತಾವೂ ನಕ್ಕು, ಕ್ಲಾಸನ್ನೆಲ್ಲ ನಗಿಸಿ, "ಲಾಭಮ್ಮ" ಅಂತ ಹೆಸರಿಟ್ಟರು. ಆಮೇಲೆ ಹಾಜರಿ ಕೂಗುವಾಗಲೂ ಲಾಭಮ್ಮ. ಮೇಘನಾ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಬಾಯಿ ಬಿಡದಿದ್ದಕ್ಕೆ ಮತ್ತೆ ಬೈಗುಳ.

"ನಾನಿನ್ನು ಇಸ್ಕೂಲ್ಗೆ ಓಗಲ್ಲ ಕಣಜ್ಜಿ. ಯಾವತ್ತೂ ಓಗಲ್ಲ."

ಅವಳಪ್ಪ ಗಣೇಶ ಬೈಕಿನ ಕೀ ಹಿಡಿದು ಎದ್ದೇಬಿಟ್ಟ. "ಆ ಮೇಡಂಗೆ ನಾಕ್ ಜನದ್ ಮುಂದೆ ಮಂಗಳಾರತಿ ಮಾಡ್ಬುಟ್ಟೇ ಬತ್ತೀನಿ!"

"ಕುಂತ್ಕಳ್ಲಾ! ನೀನೇನೋ ಕೂಗಾಡ್ಬುಟ್ಟು ಬತ್ತೀಯ. ನಾಳೀಕೆ ಆ ಕ್ಲಾಸ್ನಲ್ಲಿ ಕುಂತ್ಕಳಾದು ಯಾರು, ನೀನಾ?"

ಮಂಗಳವಾರ ಅಜ್ಜಿಯೇ ಬಸ್ಸು ಹತ್ತಿ ಗುಂಡ್ಲುಪೇಟೆಯ ಆ ಶಾಲೆಗೆ ಹೋಗಿ ಹೆಡ್ ಮಾಸ್ಟರ್ ಶಿವರುದ್ರಸ್ವಾಮಿಯವರ ಮುಂದೆ ಕೂತಳು. ಕೂಗಾಡಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ, "ಸ್ವಾಮಿ, ನಮ್ ಕೂಸ್ಗೆ ನಾವ್ ಮಡಗಿದ್ ಎಸ್ರು ಅದೆ. ಅದ್ರಲ್ಲೇ ಕರೀಲಿ" ಅಂದಳು. ಮಿಸ್ಸಿಗೆ ಹೇಳುತ್ತೇನೆ ಅಂದರು ಅವರು. ಶನಿವಾರ ಶಾಲೆಯ ಅಂಗಳದಲ್ಲಿ ಮಕ್ಕಳ ಸಂತೆ ಇದೆ, ಮೇಘನಾಳೂ ಮನೆಯ ರಾಗಿ ತಂದು ಮಾರಲಿ ಎಂದೂ ಅಂದರು.

"ಎಲ್ಲಾರ್ ಮುಂದೆ ಎಣಿಸ್ಬೇಕಾ?" ಅಜ್ಜಿ ಮನೆಗೆ ಬಂದು ಸುದ್ದಿ ಹೇಳಿದ್ದೇ ಮೇಘನಾ ಗಾಬರಿಯಾದಳು. "ಮಿಸ್ಸು ನಗ್ತಾರೆ."

"ನಗ್ಲಿ ಬುಡು. ಬಾ ಇಲ್ಲಿ."

ಅಜ್ಜಿ ಅಂಗಳದಲ್ಲಿ ರಾಗಿ ಸುರಿದು ಹಿತ್ತಾಳೆ ಸೇರನ್ನು ಅವಳ ಕೈಗಿಟ್ಟಳು. ಅಳೆಯುವವರದ್ದು ಒಂದು ಪದ್ಧತಿ ಇದೆ. ಮುಂದಿನ ಸೇರು ತುಂಬುವವರೆಗೆ ಹಿಂದಿನ ಎಣಿಕೆ ಬಾಯಿ ಬಿಟ್ಟು ಹೋಗಬಾರದು. ಲಾಭ, ಲಾಭ, ಲಾಭ, ಎರಡು, ಎರಡು, ಎರಡು ಅಂತ ರಾಗವಾಗಿ ಅನ್ನುತ್ತಲೇ ಇರಬೇಕು. ಪಕ್ಕದಲ್ಲಿ ಹೊಡೆದಾಟವೇ ಆಗಲಿ, ತಿರುಗಿ ನೋಡುವಂತಿಲ್ಲ.

"ಯಾರೇನಾರ ಅನ್ಲಿ ಕಣಮ್ಮಿ, ಅದು ಅವ್ರ ಬಾಯಿ. ಎಣಿಕೆ ನಿನ್ ಬಾಯಲ್ಲಿರ್ಲಿ."

ಆಮೇಲೆ ಶುರುವಾಯಿತು ನೋಡಿ ಗಲಾಟೆ! ಅಜ್ಜಿ ತಟ್ಟೆ ಬಡಿದಳು. ಗಣೇಶ ಮಿಸ್ಸಿನ ಥರ ಕಿಸಕಿಸ ನಕ್ಕ. ಪಕ್ಕದ ಮನೆಯ ಮೂಗಯ್ಯ ಬಂದು "ಲಾಭಮ್ಮಾ, ಎಷ್ಟಾಯ್ತು?" ಅಂತ ಕಿವಿಯಲ್ಲೇ ಕೂಗಿದ. ಆ ಹೆಸರು ಕೇಳಿದ್ದೇ ಹುಡುಗಿ ಸೇರು ಬಿಸಾಕಿ ಅತ್ತಳು. ಮಾರನೆಯ ಸಂಜೆ ಮೂಗು ಒರೆಸಿಕೊಂಡು ಆರು ಸೇರಿನವರೆಗೆ ಬಂದಳು. ಶಾಲೆಗೂ ಹೋಗತೊಡಗಿದಳು, ಆದರೆ ಅಲ್ಲಿ ಬಾಯಿ ಬಿಡಲಿಲ್ಲ. ಶುಕ್ರವಾರ ಮೂಗಯ್ಯ ಎಷ್ಟು ಕುಣಿದರೂ ಇಪ್ಪತ್ತು ಸೇರು ಅಳೆದು ಮುಗಿಸಿ, ಆಮೇಲೆ ತಿರುಗಿ, "ಆಯ್ತಾ ನಿಂದು?" ಅಂದಳು. ಮೂಗಯ್ಯ ಸುಸ್ತಾಗಿ ಜಗಲಿ ಮೇಲೆ ಕೂತುಬಿಟ್ಟ.

ಶನಿವಾರ ಅಂಗಳದ ತುಂಬ ಜನ. ನಾಗರತ್ನ ಮಿಸ್ಸೂ ಚೀಲ ಹಿಡಿದು ಬಂದರು. "ಓಹೋ, ಲಾಭ..." ಅನ್ನಲು ಹೋಗಿ, ಹೆಡ್ ಮಾಸ್ಟರನ್ನು ಕಂಡು ನುಂಗಿಕೊಂಡು, "ಹತ್ತು ಸೇರು ಹಾಕು, ನೋಡೋಣ" ಅಂದರು. ಮೇಘನಾ ಸೇರನ್ನು ರಾಗಿಗೆ ಇಳಿಸಿದಳು. ಹಿಂದೆ ನಿಂತ ಪುಟ್ಟಸಿದ್ದಮ್ಮ ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು. ಬಾಯಿ ಬಿಡುತ್ತದೋ ಇಲ್ಲವೋ ಕೂಸು, ಮಾದಪ್ಪಾ!

"ಲಾಭ," ಅಂದಳು ಮೇಘನಾ, ಯಾರಿಗೂ ಕೇಳದ ಹಾಗೆ. "ಲಾಭ, ಲಾಭ... ಎರಡು..." ಯಾರೋ ಕಿಸಕ್ಕೆಂದರು. ದನಿ ನಿಲ್ಲಲಿಲ್ಲ, ಏರಿತು. ಹತ್ತು ಅನ್ನುವ ಹೊತ್ತಿಗೆ ಗೇಟಿನವರೆಗೆ ಕೇಳುತ್ತಿತ್ತು.

"ಒಂಬತ್ತೇ ಆಗಿದ್ದು," ಅಂದರು ಮಿಸ್ಸು. "ಒಂದು ಅನ್ನಲೇ ಇಲ್ಲ, ಎರಡರಿಂದ ಹತ್ತರವರೆಗೆ ಎಣಿಸಿದೆ ನೀನು."

"ನೀವೇ ಅಳೀರಿ ಮಿಸ್."

ಇಷ್ಟು ಜನ ನೋಡುವಾಗ ಆಗಲ್ಲ ಅನ್ನುವುದು ಹೇಗೆ? ಮಿಸ್ಸು ಸೆರಗು ಸಿಕ್ಕಿಸಿ ಕೂತು, ಚೀಲದ ರಾಗಿಯನ್ನೆಲ್ಲ ಗೋಣಿತಾಟಿನ ಮೇಲೆ ಸುರಿದು ಮತ್ತೆ ಚೀಲಕ್ಕೆ ಅಳೆಯತೊಡಗಿದರು. ಒಂದು, ಎರಡು, ಮೂರು. ಚೆನ್ನಾಗಿಯೇ ಹೋಯಿತು. ಅಷ್ಟರಲ್ಲಿ ಯಾರದೋ ತಾಯಿ "ನಮಸ್ಕಾರ ಮಿಸ್" ಅಂದರು. ಮಿಸ್ಸು ತಲೆಯೆತ್ತಿ ನಕ್ಕು, ತಲೆ ತಗ್ಗಿಸಿದರೆ ಎಣಿಕೆ ಮಾಯ! ನಾಲ್ಕೋ? ಐದೋ? ತುಂಬಿದ ಸೇರು ಕೈಯಲ್ಲೇ ನಿಂತಿತು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಸುಳ್ಳು ಯಾಕೆ, ಪುಟ್ಟಸಿದ್ದಮ್ಮನೂ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಮೇಘನಾ ನಗಲಿಲ್ಲ. ಗೆಳೆಯರ ಕಡೆ ತಿರುಗಿ, "ಸುಮ್ನಿರ್ರೋ! ಅಳೆಯೋರ್ನ ನೋಡಿ ನಗಬಾರ್ದು" ಅಂತ ಗದರಿದಳು. ಆಮೇಲೆ ಮೆಲ್ಲಗೆ, "ಐದ್ ಮುಗ್ದವೆ ಮಿಸ್, ಕೈಲಿರೋದು ಆರು. ನಾನೂ ಜೊತೇಲಿ ಹೇಳ್ತೀನಿ, ಅಳೀರಿ" ಅಂದಳು.

ಇಬ್ಬರೂ ಸೇರಿ ಎಣಿಸಿದರು. ಹತ್ತಕ್ಕೆ ಗೋಣಿತಾಟು ಖಾಲಿಯಾಯಿತು.

ಮಿಸ್ಸು ಸೇರನ್ನು ಮೇಘನಾಳ ಕೈಗೆ ಕೊಟ್ಟರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಹತ್ತೇ ಇದೆ. ನೀನು ಹೇಳಿದ್ದೇ ಸರಿ, ಮೇಘನಾ" ಅಂದರು.

"ಮೇಘನಾ ಅಂದ್ರು ಕಣಜ್ಜಿ! ಕೇಳಿಸ್ಕಂಡ್ಯಾ?" ಬಸ್ಸಿನಲ್ಲಿ ಊರು ಬರುವವರೆಗೂ ಅದೇ ಮಾತು. ಪುಟ್ಟಸಿದ್ದಮ್ಮ ಪ್ರತಿ ಸಲವೂ ಮೊದಲ ಸಲ ಕೇಳಿದವಳಂತೆ "ಊಂ ಕಣಮ್ಮಿ, ಕೇಳುಸ್ತು" ಅನ್ನುತ್ತಾ ಕಣ್ಣೊರೆಸಿಕೊಂಡಳು.

ಸೋಮವಾರ ಹೊಟ್ಟೆನೋವಿನ ಸುದ್ದಿಯೇ ಇಲ್ಲ. ಬೆಳಗಾಗುವುದಕ್ಕೆ ಮುಂಚೆ ಯಾರೋ ಅಜ್ಜಿಯ ಕಂಬಳಿ ಎಳೆದರು.

"ಏಳಜ್ಜಿ, ಜಡೆ ಆಕು. ಬಸ್ಸು ಓಯ್ತದೆ!"